ಎಲುಬು ಕೂಡಿತು, ಕಾಲು ನಿಲ್ಲಲಿಲ್ಲ

ಮೊನ್ನೆ ಗೋಕಾಕದ ಬಸ್ ನಿಲ್ದಾಣದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಹೆಣ್ಣುಮಗಳನ್ನು ಅವಳ ಅಣ್ಣ ಎತ್ತಿಕೊಂಡು ಬಂದು ನಮ್ಮ ಬಸ್ಸಿನ ಮುಂದಿನ ಸೀಟಿನಲ್ಲಿ ಕೂಡಿಸಿದ. ಟಿಕೆಟ್ ಕೊಡಲು ಹೋದಾಗ ಆಕೆಯ ಕಣ್ಣು ನನ್ನ ಎಡ ಪಾದದ ಮೇಲಿನ ಹೊಲಿಗೆಯ ಗುರುತಿನ ಮೇಲೆ ಬಿತ್ತು.

“ನಿಮಗೂ ಮುರದಿತ್ತೇನ್ರಿ ಅಕ್ಕಾರ?”

“ಹೂಂ.”

“ಮತ್ತ ಈಗ ಓಡೂ ಬಸ್ಸಿನ್ಯಾಗ ಹ್ಯಾಂಗ ನಿಂದರ್ತೀರಿ? ನಂಗ ಇನ್ನ ನಡಿಯಾಕ ಬರೂದಿಲ್ಲ ಅನಸಾಕತ್ತೈತಿ.”

ಬಸ್ಸು ತುಂಬಿತ್ತು. ಹಿಂದಿನಿಂದ ಯಾರೋ ಕರೆಯುತ್ತಿದ್ದರು. “ಬರತೈತವ್ವಾ, ಬರತೈತಿ” ಎಂದಷ್ಟೇ ಹೇಳಿ ಹಿಂದಕ್ಕೆ ಹೋದೆ. ಮರಳಿ ಬರುವಷ್ಟರಲ್ಲಿ ಆಕೆಯ ಊರು ಬಂದಿತ್ತು. ಅಣ್ಣನ ಕೊರಳಿಗೆ ಕೈ ಹಾಕಿ ಇಳಿದು ಹೋದಳು. ಆಕೆಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಕೆ ಇದನ್ನು ಓದುತ್ತಾಳೋ ಇಲ್ಲವೋ, ಆಕೆಯಂಥ ಇನ್ನೊಬ್ಬರು ಓದಿಯಾರು.

ನನ್ನ ಹೆಸರು ಸುಜಾತಾ. ತವರು ಹುಕ್ಕೇರಿ ತಾಲೂಕಿನ ಒಂದು ಸಣ್ಣ ಹಳ್ಳಿ. ಮನೆಯ ಗೋಡೆಗೆ ಬುದ್ಧನ ಪಟ ಹಾಕಿದ ವರ್ಷವೇ ನಾನು ಹುಟ್ಟಿದೆನೆಂದು ಅಪ್ಪ, ಬುದ್ಧನಿಗೆ ಪಾಯಸ ಕೊಟ್ಟವಳ ಈ ಹೆಸರಿಟ್ಟರು. ಮದುವೆಯಾಗಿ ಬಂದದ್ದು ಮೂಡಲಗಿಗೆ. ಗಂಡ ಪ್ರಕಾಶ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದಾರೆ. ಮಗಳು ದೂರದ ಊರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ತಾರಾಬಾಯಿ.

ನಾನು ಬಸ್ ಕಂಡಕ್ಟರ್. ಇದು ಕೈಯಿಂದ ಮಾಡುವ ಕೆಲಸವೆಂದು ಜನ ತಿಳಿಯುತ್ತಾರೆ, ಟಿಕೆಟ್ ಕೊಡುವುದು, ಚಿಲ್ಲರೆ ಕೊಡುವುದು. ಖರೆ ಹೇಳಬೇಕೆಂದರೆ ಅದು ಪಾದದ ಕೆಲಸ. ಬಸ್ಸು ಎಡಕ್ಕೆ ಹೊರಳಿದರೆ ನಮ್ಮ ಪಾದ ನಮ್ಮನ್ನು ಕೇಳದೆಯೇ ಬಲಕ್ಕೆ ಭಾರ ಹಾಕುತ್ತದೆ. ಬ್ರೇಕು ಬೀಳುವ ಮೊದಲೇ ಹಿಮ್ಮಡಿ ಅದನ್ನು ತಿಳಿದಿರುತ್ತದೆ. ಎಷ್ಟೋ ವರ್ಷ ಎರಡೂ ಕೈ ಬಿಟ್ಟು ನಿಂತು ಟಿಕೆಟ್ ಕೊಟ್ಟಿದ್ದೇನೆ. ಪಾದ ಎಂಬುದೊಂದು ಇದೆ ಎಂಬ ನೆನಪೂ ಬಂದಿರಲಿಲ್ಲ.

ಅಂದು ಬೆಳಿಗ್ಗೆ ಗೋಕಾಕದಿಂದ ಹೊರಟ ನಮ್ಮ ಬಸ್ಸು ಹುಕ್ಕೇರಿ ದಾಟಿ ದಡ್ಡಿಗೆ ಬಂದಿತ್ತು. ಅಲ್ಲಿ ಬಸ್ಸು ಹಿಂದಕ್ಕೆ ತೆಗೆದು ತಿರುಗಿಸಬೇಕು. ಜಾಗ ಇಕ್ಕಟ್ಟು. ನಾನು ಕೆಳಗಿಳಿದು, ಬಸ್ಸಿಗೆ ಮುಖ ಮಾಡಿ, ಸೀಟಿ ಊದುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದೆ. ಡ್ರೈವರ್ ದಸ್ತಗೀರಣ್ಣ ನನ್ನ ಸೀಟಿಯನ್ನು ನಂಬಿ ಕಣ್ಣು ಮುಚ್ಚಿಯೂ ಬಸ್ಸು ತಿರುಗಿಸುವವರು. ಹಿಂದಿನ ದಿನದ ಮಳೆಗೆ ಟ್ರ್ಯಾಕ್ಟರಿನ ಗಾಲಿ ಹೂತು ಎದ್ದ ಕುಣಿಯೊಂದು ಅಲ್ಲಿತ್ತು. ನನ್ನ ಎಡಗಾಲು ಅದರೊಳಗೆ ಹೋಯಿತು. ಮೈ ಒಂದು ಕಡೆ ತಿರುಗಿತು, ಪಾದ ಅಲ್ಲೇ ಉಳಿಯಿತು. ಒಣಗಿದ ಕಬ್ಬು ಮುರಿದಂಥ ಸದ್ದು. ಕೆಳಗೆ ಬಿದ್ದವಳು ಕಣ್ಣೆತ್ತಿದರೆ ಬಸ್ಸು ನನ್ನ ಕಡೆಗೇ ಬರುತ್ತಿದೆ. ಸೀಟಿ ಇನ್ನೂ ಬಾಯಲ್ಲಿತ್ತು. ನಾನು ಕಿರುಚಿದ್ದು ಸೀಟಿಯೊಳಗಿಂದ ಹೊರಗೆ ಬಂತು. ಉದ್ದ ಸೀಟಿ ಎಂದರೆ ನಿಲ್ಲಿಸು ಎಂದು ಅರ್ಥ. ದಸ್ತಗೀರಣ್ಣ ನಿಲ್ಲಿಸಿದರು.

ಪಾದ ಹೊರಗೆ ತಿರುಗಿ ನಿಂತಿತ್ತು, ಇನ್ನೊಬ್ಬರದ್ದು ತಂದು ಇಟ್ಟ ಹಾಗೆ. ಬಸ್ಸು ಹತ್ತಲು ನಿಂತಿದ್ದ ಒಬ್ಬ ಮುದುಕಿ ಓಡಿಬಂದು ತನ್ನ ಸೆರಗನ್ನು ಅದರ ಮೇಲೆ ಮುಚ್ಚಿ, “ಅದನ್ನ ನೋಡಬ್ಯಾಡ ಯವ್ವಾ, ನನ್ನ ಮಾರಿ ನೋಡು” ಎಂದಳು. ಆ ಮುಖ ಈಗಲೂ ನೆನಪಿದೆ. ಹೆಸರು ಕೇಳಲಿಲ್ಲ.

ಹುಕ್ಕೇರಿಯವರೆಗೆ ನಮ್ಮದೇ ಬಸ್ಸಿನಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ಜನ ಕೈ ಮಾಡುತ್ತಿದ್ದರು, ಬಸ್ಸು ನಿಲ್ಲುತ್ತಿರಲಿಲ್ಲ. ಅಷ್ಟು ನೋವಿನಲ್ಲೂ ನನಗೆ ಅದೇ ತಳಮಳ.

“ಅಣ್ಣಾ, ನಿಂದರಸ್ರಿ, ಮಂದಿ ನಿಂತಾರ.”

ದಸ್ತಗೀರಣ್ಣ ಹಿಂತಿರುಗಿ ನೋಡದೆ ಹೇಳಿದರು: “ಇವತ್ತ ನೀನ ಪ್ಯಾಸೆಂಜರ್ ತಂಗಿ. ಸುಮ್ಕ ಕುಂಡ್ರು.”

ಹುಕ್ಕೇರಿಯಲ್ಲಿ ಕಾಲಿಗೆ ಪಟ್ಟಿ ಕಟ್ಟಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಾವು ಇಳಿಯಲಿ ಎಂದು ಕೆಲವು ದಿನ ಕಾಲು ಮೇಲೆತ್ತಿ ಮಲಗಿಸಿ, ಆಮೇಲೆ ಆಪರೇಷನ್ ಮಾಡಿದರು. ಹೊರಗಿನ ಸಣ್ಣ ಎಲುಬಿಗೆ ಲೋಹದ ಪಟ್ಟಿ ಕೂಡಿಸಿ ಸ್ಕ್ರೂ ಬಿಗಿದು, ಮೇಲೆ ಪ್ಲಾಸ್ಟರ್ ಹಾಕಿದ್ದರು. ಅಲ್ಲಿಯ ಡಾಕ್ಟರು ಮರುದಿನ ಎಕ್ಸ್‌ರೇ ತೋರಿಸಿ, “ಎಲುಬು ಛಂದ ಕೂತೈತಿ. ಕಾಲು ಊರಬ್ಯಾಡ್ರಿ, ಅಷ್ಟ” ಎಂದರು. ನಾನೂ ಪ್ರಕಾಶರೂ ಕೈ ಮುಗಿದೆವು. ಮುಗಿಯಿತು ಎಂದುಕೊಂಡೆವು.

ಮುಗಿದಿರಲಿಲ್ಲ.

ನಮ್ಮ ಮನೆ ಮೂಡಲಗಿಯಲ್ಲಿ ಅಂಗಡಿಯ ಮೇಲೆ. ಕೆಳಗೆ ಅಂಗಡಿ, ಅದರ ಹಿಂದೆ ಪಾಯಿಖಾನೆ, ಬಚ್ಚಲು. ಮೇಲೆ ಒಂದು ಅಡುಗೆ ಕೋಣೆ, ಒಂದು ಮಲಗುವ ಕೋಣೆ, ತಗಡಿನ ಮಾಡು. ಹತ್ತಿ ಇಳಿಯಲು ಹೊರಗಡೆ ಒಂದು ಕಬ್ಬಿಣದ ನಿಚ್ಚಣಿಕೆಯಂಥ ಮೆಟ್ಟಿಲು, ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಹಿಂದೆ ಸರಿಯಬೇಕು. ಮದುವೆಯಾದಾಗಿನಿಂದ ತಲೆಯ ಮೇಲೆ ಕೊಡ ಹೊತ್ತು ಅದನ್ನು ಹತ್ತಿದವಳು ನಾನು. ಆಸ್ಪತ್ರೆಯಿಂದ ಬಂದ ದಿನ ವಾಕರ್ ಅದರಲ್ಲಿ ಹಿಡಿಸಲಿಲ್ಲ. ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಪ್ರಕಾಶರು ಮತ್ತು ಬಾಜೂ ಅಂಗಡಿಯವರು ಎತ್ತಿ ಮೇಲೆ ತಂದರು. ನಡುವೆ ಕುರ್ಚಿ ಒಂದು ಸಲ ವಾಲಿತು. ಓಣಿಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡೆ. ಮೇಲೆ ಇಳಿಸಿದ ಮೇಲೆ ಮೆಟ್ಟಿಲ ಕಡೆ ನೋಡಿದೆ. ಇನ್ನು ಇಳಿಯಬೇಕೆಂದರೆ ಇಬ್ಬರು ಗಂಡಸರು ಬಿಡುವು ಮಾಡಿಕೊಂಡು ಬರಬೇಕು ಎಂದು ಆಗ ತಿಳಿಯಿತು.

ಬೇಸಿಗೆ. ತಗಡು ಬೆಳಿಗ್ಗೆಯಿಂದಲೇ ಕಾಯುತ್ತಿತ್ತು. ಮಧ್ಯಾಹ್ನವಾದರೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಹಿಗ್ಗುತ್ತಿತ್ತು. ಕೆಳಗಿನಿಂದ ತಂತಿಗೆ ಹಚ್ಚುವ ವಾರ್ನಿಷಿನ ವಾಸನೆ ಏರಿ ಬಂದು ಕೋಣೆಯಲ್ಲಿ ನಿಲ್ಲುತ್ತಿತ್ತು. ಪ್ಲಾಸ್ಟರಿನೊಳಗೆ ತುರಿಕೆ. ಪೊರಕೆಯ ಕಡ್ಡಿ ತೂರಿಸಿ ಕೆರೆದುಕೊಳ್ಳಲು ಹೋಗಿ ಕಡ್ಡಿ ಒಳಗೇ ಮುರಿದು, ಅದು ಚುಚ್ಚುತ್ತಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಎಷ್ಟೋ ದಿನ ಕಳೆದೆ. ಯಾರಿಗೂ ಹೇಳಲಿಲ್ಲ. ಪ್ಲಾಸ್ಟರ್ ತೆಗೆದಾಗ ಕಡ್ಡಿ ಒಂದು ಕಡೆ ಸುಮ್ಮನೆ ಮಲಗಿತ್ತು, ನನ್ನ ಹಾಗೆಯೇ.

ಹೇಳಲು ನಾಚಿಕೆಯಾದರೂ ಹೇಳಲೇಬೇಕು. ಪಾಯಿಖಾನೆ ಕೆಳಗಿತ್ತು, ನಾನು ಮೇಲಿದ್ದೆ. ತಳದಲ್ಲಿ ತೂತು ಕೊರೆದ ಕುರ್ಚಿ, ಅದರ ಕೆಳಗೆ ಒಂದು ಬಕೀಟು. ಅದನ್ನು ಅತ್ತೆ ದಿನಾ ಆ ಮೆಟ್ಟಿಲಿನಲ್ಲಿ ಕೆಳಗೆ ಒಯ್ಯಬೇಕಾಗಿತ್ತು. ಅರವತ್ತು ದಾಟಿದ ಜೀವ, ಮೊಣಕಾಲು ನೋವು. ಅವರು ಗೊಣಗದೆ ಒಯ್ದರೆಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಗೊಣಗುತ್ತಿದ್ದರು.

“ಸೊಸಿ ಬಂದ ಮ್ಯಾಲ ಕುಂತ ಉಣ್ತೀನಿ ಅಂದ್ಕೊಂಡಿದ್ನಿ. ಈಗ ನೋಡು, ನಾ ಇಳಿಯೂದು, ಆಕಿ ಕುಂಡ್ರೂದು.”

ನಾನು ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಒಂದು ದಿನ ಅತ್ತೆ ಅದನ್ನು ಗಮನಿಸಿದರು. ಚರಿಗೆ ತುಂಬ ನೀರು ತಂದು ನನ್ನ ಎದುರಿಗೆ ನಿಂತರು. ಪೂರ್ತಿ ಕುಡಿಯುವವರೆಗೆ ಕದಲಲಿಲ್ಲ. ಗೊಣಗುವುದು ಮಾತ್ರ ಮರುದಿನವೂ ಮುಂದುವರಿಯಿತು. ಅಂದಿನಿಂದ ಆ ಗೊಣಗು ನನಗೆ ಚುಚ್ಚಲಿಲ್ಲ.

ಪ್ಲಾಸ್ಟರ್ ತೆಗೆದು ನಡೆಯಲು ಹೇಳಿದ ಮೇಲೆ ನಿಜವಾದ ತ್ರಾಸ ಶುರುವಾಯಿತು. ಎಕ್ಸ್‌ರೇಯಲ್ಲಿ ಎಲುಬು ಕೂಡಿತ್ತು. ಮೊದಮೊದಲು ವಾಕರ್ ಹಿಡಿದು, ಆಮೇಲೆ ಗೋಡೆ ಹಿಡಿದು ಹೆಜ್ಜೆ ಹಾಕಿದೆ. ಪಾದ ಊರಿದ ಕೂಡಲೇ ಹರಡಿನೊಳಗೆ, ಕಾಲಿನ ಎಲುಬು ಪಾದಕ್ಕೆ ಸೇರುವ ಕೀಲಿನಲ್ಲಿ, ಏನೋ ಒಂದು ಪಕ್ಕಕ್ಕೆ ಸರಿಯುತ್ತಿತ್ತು. ನೋವಿಗಿಂತ ಅದೇ ಹೆಚ್ಚು ಅಂಜಿಸಿತು. ಗೂಟ ಸಡಿಲಾದ ಮಂಚದ ಮೇಲೆ ಕೂತರೆ ಹೇಗಾಗುತ್ತದೆ, ಹಾಗೆ. ಸಂಜೆಯಾದರೆ ಹರಡು ಬಾತುಕೊಳ್ಳುತ್ತಿತ್ತು.

“ಒಳಗ ಜಾರತೈತ್ರಿ,” ಎಂದೆ, ಮತ್ತೆ ಕುರ್ಚಿಯಲ್ಲಿ ಇಳಿಸಿ ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿದಾಗ.

“ಎಲುಬು ಕೂಡೇತಿ. ನಡಕೊಂತ ಹೋಗ್ರಿ, ಸ್ನಾಯು ಗಟ್ಟಿ ಆದಂಗ ಬರೋಬರಿ ಆಗ್ತೈತಿ.”

ಅವರು ಹೇಳಿದ್ದು ಎಷ್ಟೋ ಜನರ ಪಾಲಿಗೆ ನಿಜವಾಗಿರಬಹುದು. ನಾನೂ ನಂಬಿದೆ. ಮೆಟ್ಟಿಲು ಇಳಿಯಲು ಒಮ್ಮೆ ಹೊರಟೆ. ಮೊದಲ ಮೆಟ್ಟಿಲಿಗೆ ಎಡಗಾಲು ಇಟ್ಟು ಭಾರ ಹಾಕಿದಾಗ ಒಳಗಿನದು ಸರಿಯಿತು. ಎರಡೂ ಕೈಯಿಂದ ಕಂಬಿ ಹಿಡಿದು ಅಲ್ಲಿಯೇ ಕುಸಿದು ಕೂತೆ. ಕುಂಡೆಯ ಮೇಲೆ ಜರುಗುತ್ತ ಕೋಣೆಗೆ ಮರಳಿದೆ. ಮತ್ತೆ ಆ ಕಡೆ ಹೋಗಲಿಲ್ಲ.

ಬರುವವರೆಲ್ಲ ಒಂದೊಂದು ಹೇಳಿದರು. ಒಬ್ಬರು ಎಣ್ಣೆ ತಿಕ್ಕುವವರ ಹೆಸರು ಹೇಳಿದರು. ಇನ್ನೊಬ್ಬರು, “ಎಷ್ಟ ದಿನಾ ಅಂತ ಕುಂಡರ್ತೀ, ಎದ್ದ ಓಡಾಡು, ಕಾಲು ಜಡ್ಡ ಬಿದ್ದೈತಿ” ಎಂದರು. ಪ್ರಕಾಶರು ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಕೈ ಹಿಡಿದು ಎಬ್ಬಿಸುತ್ತಿದ್ದರು.

“ಧೈರ್ಯ ಮಾಡು ಸುಜಾ. ಅರ್ಧಾ ಜಡ್ಡು ತಲ್ಯಾಗ ಇರತೈತಿ.”

“ತಲ್ಯಾಗ ಇಲ್ರಿ, ಕಾಲಾಗ ಐತಿ.”

“ಡಾಕ್ಟರು ಫೋಟೋ ತೋರಿಸ್ಯಾರಲ್ಲ. ಫೋಟೋ ಸುಳ್ಳ ಹೇಳತೈತೇನು?”

ಫೋಟೋದಲ್ಲಿ ಕಾಲು ಸುಮ್ಮನೆ ಮಲಗಿತ್ತು. ಜಾರುತ್ತಿದ್ದುದು ನಿಂತಾಗ.

ಒಂದು ಮಧ್ಯಾಹ್ನ ಮಂಚದ ಮೇಲೆ ಮಲಗಿದ್ದೆ. ಕೆಳಗೆ ಮೋಟಾರು ಒಯ್ಯಲು ಅರಭಾವಿಯ ಕಡೆಯ ರೈತರೊಬ್ಬರು ಬಂದಿದ್ದರು. ಅಂಗಡಿಯ ಮಾತು ಮೇಲಕ್ಕೆ ಸ್ಪಷ್ಟವಾಗಿ ಕೇಳುತ್ತದೆ.

“ಕಂಡಕ್ಟರ್ ಬಾಯಾರಿಗೆ ಹ್ಯಾಂಗೈತ್ರಿ ಈಗ? ಡ್ಯೂಟಿಗೆ ಹೊಂಟಾರೇನು?”

“ಆರಾಮ ಐತ್ರಿ. ಎಲುಬ ಕೂಡೇತಿ. ಅಂಜತಾಳ ಅಷ್ಟ,” ಎಂದರು ಪ್ರಕಾಶರು.

ಬೈದಿರಲಿಲ್ಲ, ಹಂಗಿಸಿರಲಿಲ್ಲ. ಇನ್ನೂ ಹೇಳಬೇಕೆಂದರೆ ದನಿಯಲ್ಲಿ ಮರುಕವೇ ಇತ್ತು. ಆದರೂ ಆ ‘ಅಷ್ಟ’ ಎಂಬ ಮಾತು ಕೇಳಿದ ಮೇಲೆ ಕೋಣೆಯ ಗೋಡೆ ಇನ್ನೂ ಒಂದು ಮೊಳ ಹತ್ತಿರ ಬಂದಂತಾಯಿತು. ನನಗೇ ಅನುಮಾನ ಹುಟ್ಟಿತು. ನಾನು ಅಂಜುತ್ತಿದ್ದೇನೆಯೇ? ಜಾರುವುದೆಲ್ಲ ನನ್ನ ಭ್ರಮೆಯೇ? ಮೈ ನನ್ನದು, ಒಳಗಿನ ಸಂಗತಿ ಗೊತ್ತಿರುವವಳು ನಾನೊಬ್ಬಳೇ, ನನ್ನ ಮಾತೇ ನನಗೆ ಸಾಕ್ಷಿಯಾಗದೆ ಹೋದರೆ ಯಾರ ಮುಂದೆ ಹೇಳುವುದು? ಮನೆಯ ಮೆಟ್ಟಿಲು ಒಂದು ಸೆರೆಯಾದರೆ ಇದು ಅದರೊಳಗಿನ ಇನ್ನೊಂದು ಸೆರೆ. ಈ ಎರಡನೆಯದರಲ್ಲಿ ಇದ್ದವರಿಗಾಗಿಯೇ ನಾನು ಮುಖ್ಯವಾಗಿ ಬರೆಯುತ್ತಿರುವುದು.

ನನ್ನ ಮಾತು ನಂಬಿದ ಮೊದಲ ಮನುಷ್ಯರು ಯಾರಾಗಬಹುದೆಂದು ಯಾರಾದರೂ ಕೇಳಿದ್ದರೆ ಅತ್ತೆಯ ಹೆಸರು ಹೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರು ಅಡುಗೆ ಕೋಣೆಯ ಹೊಸ್ತಿಲ ಬಳಿ ನೆಲದ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ನಾನು ಗೋಡೆ ಹಿಡಿದು ಒಲೆಯ ಕಡೆ ಬರುತ್ತಿದ್ದೆ. ಉಳಿದವರೆಲ್ಲ ನಾನು ನಡೆಯುವಾಗ ನನ್ನ ಮುಖ ನೋಡುತ್ತಿದ್ದರು, ಅಂಜಿದ್ದೇನೆಯೋ ಇಲ್ಲವೋ ಎಂದು. ಅತ್ತೆ ನೆಲದ ಮೇಲಿದ್ದುದರಿಂದ ಅವರ ಕಣ್ಣಿನ ಎದುರಿಗೆ ಇದ್ದದ್ದು ನನ್ನ ಪಾದ.

“ನಿಂದ್ರು,” ಎಂದರು. “ಹಿಂದಕ್ಕ ಹೋಗಿ ಮತ್ತ ಬಾ.”

ಬಂದೆ.

“ಇನ್ನೊಮ್ಮಿ.”

ಮತ್ತೆ ಬಂದೆ. ಅವರು ಮೊರ ಬದಿಗಿಟ್ಟು, ಕೈಯಿಂದ ನನ್ನ ಹರಡನ್ನು ಮುಟ್ಟಿ, ಬಲಗಾಲಿನದನ್ನೂ ಮುಟ್ಟಿ ನೋಡಿದರು. ಸಂಜೆ ಮಗ ಊಟಕ್ಕೆ ಕೂತಾಗ ರೊಟ್ಟಿ ಹಾಕುತ್ತ ಮಾತು ತೆಗೆದರು.

“ಪ್ರಕಾಶಾ, ಈಕಿ ಹೇಳೂದು ಖರೆ ಐತಿ. ಕಾಲು ಊರಿದ್ರ ಪಾದ ಹೊರಗ ಹೋಗ್ತೈತಿ. ನಾ ನೋಡೀನಿ.”

“ಅವ್ವಾ, ಡಾಕ್ಟರು—”

“ಡಾಕ್ಟರು ಒಬ್ಬರ ಅದಾರೇನು ಊರಾಗ? ಇನ್ನೊಬ್ಬರಿಗೆ ತೋರಸು. ಮತ್ತ ಬಕೀಟು ಹೊರಬೇಕಾದ್ರ ನಾನ ಹೊರತೀನಿ ಅಂದ ಮ್ಯಾಲ ನಿಂಗೇನ ತ್ರಾಸು?”

ಮಗಳೂ ಫೋನಿನಲ್ಲಿ ಅದನ್ನೇ ಹೇಳಿದಳು. ಗೋಕಾಕಕ್ಕೆ ವಾರಕ್ಕೊಮ್ಮೆ ಹೊರಗಿನಿಂದ ಬರುವ ಎಲುಬಿನ ಡಾಕ್ಟರೊಬ್ಬರು ಇದ್ದಾರೆಂದು ದಸ್ತಗೀರಣ್ಣ ತಿಳಿಸಿದರು. ಮತ್ತೆ ಪ್ಲಾಸ್ಟಿಕ್ ಕುರ್ಚಿ, ಮತ್ತೆ ಇಬ್ಬರು, ಮತ್ತೆ ಓಣಿಯ ಕಣ್ಣು.

ಆ ಡಾಕ್ಟರ ಕೋಣೆಯ ಹೊರಗೆ ಕಾಯುವ ಜಾಗದಲ್ಲಿ ಕಬ್ಬಿಣದ ಬೆಂಚುಗಳು, ಅದರ ತುಂಬ ಕೈಕಾಲು ಕಟ್ಟಿಕೊಂಡ ಜನ. ಕಬ್ಬಿನ ಗಾಡಿಯಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಬಚ್ಚಲಲ್ಲಿ ಜಾರಿದವರು. ಹೊರಗೆ ಎಲ್ಲರೂ ನನ್ನನ್ನು ನೋಡುತ್ತಿದ್ದರು, ಇಲ್ಲಿ ಯಾರೂ ನೋಡಲಿಲ್ಲ. ಹಿಡಕಲ್ಲಿನ ಕಡೆಯಿಂದ ಬಂದ ಮೀನು ಹಿಡಿಯುವವರೊಬ್ಬರು ನಾನು ಕಾಲು ಚಾಚಲೆಂದು ತಮ್ಮ ಚೀಲವನ್ನು ಬೆಂಚಿನ ಮುಂದೆ ಸರಿಸಿ, “ಇದರ ಮ್ಯಾಲ ಇಡ್ರಿ, ಒಳಗ ಬರೇ ಅರಿವಿ ಅದಾವು” ಎಂದರು. ಅಷ್ಟೇ. ಕಾರಣ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. ಕಾಲು ಅವರ ಬಟ್ಟೆಯ ಗಂಟಿನ ಮೇಲೆ ಇಟ್ಟುಕೊಂಡು ಕೂತಾಗ ತಿಂಗಳುಗಳ ಮೇಲೆ ಮೊದಲ ಸಲ ನಾನು ಎಲ್ಲರಂತೆ ಒಬ್ಬಳು ಎನಿಸಿತು.

ಡಾಕ್ಟರು ವಯಸ್ಸಾದವರೇನಲ್ಲ, ಬೆಳಗಾವಿ ಕಡೆಯ ಮಾತು. ನಾನು ಹೇಳುವುದನ್ನು ಪೂರ್ತಿ ಕೇಳಿದರು. ಆಮೇಲೆ, “ಮಲಗಿಸಿ ತಗದ ಫೋಟೋ ಐತಿ. ಈಗ ನಿಂದ್ರಿಸಿ ತಗಿಯೋಣ. ಎರಡೂ ಕಾಲಿಂದು” ಎಂದರು. ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವಾಗ ಪ್ರಕಾಶರು ನನ್ನ ತೋಳು ಹಿಡಿದಿದ್ದರು, ಜಾರಿದಾಗ ನನ್ನ ಉಗುರು ಅವರ ಕೈಯಲ್ಲಿ ನೆಟ್ಟಿತು.

ಫೋಟೋ ಎರಡನ್ನೂ ದೀಪದ ಮುಂದೆ ಹಿಡಿದು ಡಾಕ್ಟರು ಹೇಳಿದರು: “ಮೊದಲಿನವರು ಎಲುಬಿನ ಕೆಲಸ ಚಲೋ ಮಾಡ್ಯಾರ. ಅದರಾಗ ತಪ್ಪಿಲ್ಲ. ಆದ್ರ ಇಲ್ಲಿ ಎರಡು ಎಲುಬು ಹಿಡದ ಇಟ್ಟಿರೂ ಲಿಗಮೆಂಟ್ ಹರದೈತಿ. ಬಾವು ಇದ್ದಾಗ ಕೆಲವೊಮ್ಮಿ ಕಾಣೂದಿಲ್ಲ. ಬಲಗಾಲಾಗ ನೋಡ್ರಿ, ಸಂದು ಎಷ್ಟ ಸಣ್ಣದೈತಿ. ಎಡಗಾಲಾಗ ಅಗಲ ಆಗೇತಿ.”

“ಹಂಗಾದ್ರ ಜಾರೂದು—”

“ಜಾರೂದು ಖರೆ ಐತಿ. ಹಿಂಗ ಬಿಟ್ರ ಕೀಲು ಸವದ ಹೋಗ್ತೈತಿ. ಇನ್ನೊಮ್ಮಿ ಆಪರೇಷನ್ ಮಾಡಬೇಕಾಗ್ತೈತಿ.”

ಇನ್ನೊಮ್ಮೆ ಎಂದರೆ ಮತ್ತೆ ಪ್ಲಾಸ್ಟರ್, ಮತ್ತೆ ಕಾಲು ಊರುವಂತಿಲ್ಲ, ಮತ್ತೆ ಆ ಕೋಣೆ. ಯಾರಿಗಾದರೂ ಇದನ್ನು ಕೇಳಿ ಅಳು ಬರಬೇಕು. ನನಗೆ ಅಳು ಬರಲಿಲ್ಲ. ಜಾರುವುದು ಖರೆ ಎಂದರಲ್ಲ, ಅದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಳು ಬಂದದ್ದು ಮನೆಗೆ ಮರಳಿ ಆ ಮೆಟ್ಟಿಲು ಕಂಡಾಗ.

ಎರಡನೆಯ ಆಪರೇಷನ್ನಿನಲ್ಲಿ ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಎಚ್ಚರ ಪೂರ್ತಿ ಇತ್ತು. ಎದೆಯ ಮುಂದೆ ಹಸಿರು ಅರಿವೆಯ ತೆರೆ. ಕಾಲನ್ನು ಅಲುಗಿಸಲು ಮನಸ್ಸಿನಲ್ಲಿಯೇ ಎಷ್ಟು ಪ್ರಯತ್ನಿಸಿದರೂ ಆ ಕಡೆ ಯಾರೂ ಇಲ್ಲ. ಮೈಯ ಅರ್ಧ ಭಾಗ ನನ್ನಿಂದ ಬಿಟ್ಟು ಹೋಗಿತ್ತು. ಕೈಗಳನ್ನು ಎರಡು ಹಲಗೆಗಳಿಗೆ ಕಟ್ಟಿದ್ದರು. ಮೂಗು ತುರಿಸಿದರೆ ಕೆರೆದುಕೊಳ್ಳುವಂತಿಲ್ಲ. ತಗಡಿನ ಕೋಣೆಯೂ ಇಷ್ಟು ಇಕ್ಕಟ್ಟಾಗಿರಲಿಲ್ಲ. ಉಸಿರು ಮೇಲೆ ಮೇಲೆ ಬರತೊಡಗಿತು. ತಲೆಯ ಬಳಿ ಕೂತಿದ್ದ, ಮರಗಟ್ಟುವ ಔಷಧ ಕೊಟ್ಟ ಡಾಕ್ಟರಮ್ಮ ನನ್ನ ಹಣೆಯ ಮೇಲೆ ಕೈಯಿಟ್ಟು, “ನೀವು ಯಾವ ರೂಟಿನ ಮ್ಯಾಲ ಇರ್ತೀರಿ? ಒಂದೊಂದ ಸ್ಟಾಪ್ ಹೇಳ್ರಿ ನೋಡೋಣ” ಎಂದರು. ನಾನು ಗೋಕಾಕದಿಂದ ಶುರು ಮಾಡಿದೆ. ಒಂದೊಂದು ಊರು ಹೇಳುತ್ತ ಹೇಳುತ್ತ ಉಸಿರು ನೆಲೆಗೆ ಬಂತು.

ಹುಕ್ಕೇರಿ ಬರುವ ಮೊದಲೇ ತೆರೆಯ ಆಚೆಯಿಂದ ಡಾಕ್ಟರ ದನಿ.

“ಸುಜಾತಾ ಅವ್ರ, ನಿಮಗೊಂದ ತೋರಸಬೇಕು. ನೋಡ್ತೀರೇನು? ಅಂಜಿಕಿ ಆದ್ರ ಬ್ಯಾಡ.”

“ತೋರಸ್ರಿ,” ಎಂದೆ.

ಪಕ್ಕದಲ್ಲಿದ್ದ ಎಕ್ಸ್‌ರೇ ಯಂತ್ರದ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ಬಿಳುಪಿನಲ್ಲಿ ನನ್ನ ಕಾಲು. ಸ್ಕ್ರೂಗಳು ಬೆಳ್ಳಗೆ ಸಾಲಾಗಿ. “ಈಗ ನಾ ಎಲುಬು ಜಗ್ಗತೀನಿ. ಸಂದು ನೋಡ್ರಿ.” ಅವರು ಜಗ್ಗಿದರು. ನನಗೆ ನೋವಿಲ್ಲ, ಏನೂ ತಿಳಿಯಲಿಲ್ಲ. ಪರದೆಯ ಮೇಲೆ ಮಾತ್ರ ಎರಡು ಎಲುಬಿನ ನಡುವಿನ ಸಂದು ಬಾಯಿ ತೆರೆದ ಹಾಗೆ ತೆರೆಯಿತು. ಬಿಟ್ಟರು, ಮುಚ್ಚಿತು. ಜಗ್ಗಿದರು, ತೆರೆಯಿತು.

“ಇದ ನೋಡ್ರಿ ನೀವು ಹೇಳತಿದ್ದದ್ದು.”

ಯಾರಿಗೂ ಕಾಣದ್ದು, ನಾನೊಬ್ಬಳೇ ಬಲ್ಲದ್ದು, ಅಲ್ಲಿ ಎಲ್ಲರ ಕಣ್ಣೆದುರಿಗೆ ಇತ್ತು. ಎರಡೂ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲು ಕೈ ಇರಲಿಲ್ಲ. ಡಾಕ್ಟರಮ್ಮ ಒರೆಸಿ, “ನೋವಾಗಾಕತ್ತೈತೇನ್ರಿ?” ಎಂದರು.

“ಇಲ್ರಿ. ಆರಾಮ ಆಗಾಕತ್ತೈತಿ.”

ಎರಡು ಎಲುಬನ್ನು ಸರಿಯಾಗಿ ಕೂಡಿಸಿ, ಎರಡರಲ್ಲೂ ಅಡ್ಡಲಾಗಿ ರಂಧ್ರ ಕೊರೆದು, ಗಟ್ಟಿ ದಾರ ಎಳೆದು ಎರಡೂ ಕಡೆ ಅಂಗಿಯ ಗುಂಡಿಯಂಥದ್ದು ಹಾಕಿ ಬಿಗಿದರು. ಹರಿದ ಲಿಗಮೆಂಟನ್ನು ಹೊಲಿದರು. ಕೊನೆಗೆ ಮತ್ತೆ ಪರದೆ ತೋರಿಸಿ ಜಗ್ಗಿದರು. ಸಂದು ತೆರೆಯಲಿಲ್ಲ. ಇನ್ನೊಮ್ಮೆ ಜಗ್ಗಿದರು. ತೆರೆಯಲಿಲ್ಲ.

“ಡಾಕ್ಟರ, ಒಂದು ಮಾತು,” ಎಂದೆ. “ಹೊರಗ ನಮ್ಮ ಮನಿಯವರು ಕುಂತಾರ. ಇದನ್ನ ಅವರಿಗೂ ತೋರಸ್ತೀರೇನ್ರಿ?”

ಅವರು ನಕ್ಕಿರಬೇಕು, ಮುಖಕ್ಕೆ ಕಟ್ಟಿದ ಬಟ್ಟೆಯಲ್ಲಿ ಕಾಣಲಿಲ್ಲ. ಆದರೆ ಚಿತ್ರಗಳನ್ನು ಇಟ್ಟುಕೊಂಡು ಪ್ರಕಾಶರಿಗೆ ತೋರಿಸಿದ್ದು ಖರೆ.

ನನ್ನನ್ನು ವಾರ್ಡಿಗೆ ತಂದ ಮೇಲೆ ಪ್ರಕಾಶರು ಬಂದು ಸ್ಟೂಲಿನ ಮೇಲೆ ಕೂತರು. ಹೊದಿಕೆ ಸರಿಯಾಗಿಯೇ ಇತ್ತು, ಆದರೂ ಅದನ್ನು ಎಳೆದೆಳೆದು ಸರಿಪಡಿಸುತ್ತಿದ್ದರು.

“ದಿನಾ ಧೈರ್ಯ ಮಾಡು, ಧೈರ್ಯ ಮಾಡು ಅಂತ ತಲಿ ತಿಂದ್ನಿ,” ಎಂದರು ಕೊನೆಗೆ.

“ಹೂಂ. ತಿಂದ್ರಿ.”

“ಬೈ ನನಗ.”

“ಈಗ ಶಕ್ತಿ ಇಲ್ಲ. ಮನಿಗೆ ಹೋದ ಮ್ಯಾಲ ಬೈತೀನಿ.”

ಅವರು ತಲೆ ತಗ್ಗಿಸಿ ನಕ್ಕರು. ನಗು ನಿಂತ ಮೇಲೂ ತಲೆ ಎತ್ತಲಿಲ್ಲ. ನಾನು ಸೂಜಿ ಚುಚ್ಚಿದ ಕೈಯನ್ನೇ ಚಾಚಿ ಅವರ ಕೂದಲ ಮೇಲೆ ಇಟ್ಟೆ.

ಎರಡನೆಯ ಸಲದ ಸೆರೆ ಹಗುರವಾಗಿತ್ತು ಎಂದು ಹೇಳಲಾರೆ. ಅದೇ ಕೋಣೆ, ಅದೇ ಬಕೀಟು, ಅದೇ ವಾರ್ನಿಷಿನ ವಾಸನೆ. ಬೇಸಿಗೆ ಹೋಗಿ ಮಳೆ ಹಿಡಿದಿತ್ತು, ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳಿಸದು. ಕೆಲವು ದಿನ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಒಂದು ದಿನ ಊಟದ ತಾಟನ್ನು ಗೋಡೆಗೆ ಎಸೆದೆ. ಪಲ್ಯ ಗೋಡೆಯ ಮೇಲೆ ಹಾಗೇ ಇಳಿಯಿತು. ಅತ್ತೆ ಅದನ್ನು ಒರೆಸುತ್ತ, “ಬಣ್ಣಾ ಹಚ್ಚಬೇಕಂತ ಪ್ರಕಾಶಗ ಹೇಳಾಕತ್ತಿದ್ನಿ, ಈಗರ ಕೇಳ್ತಾನ” ಎಂದರು. ಇಬ್ಬರೂ ನಕ್ಕೆವು, ಹೊಟ್ಟೆ ಹಿಡಿದುಕೊಂಡು. ಧೈರ್ಯ ಮಾಡು ಎಂದು ಯಾರೂ ಹೇಳಲಿಲ್ಲ. “ಇವತ್ತ ಹ್ಯಾಂಗೈತಿ?” ಎಂದು ಕೇಳುತ್ತಿದ್ದರು, ನಾನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಕಾಲು ಊರಲು ಹೇಳಿದ ದಿನ ನಾನು ಅಂಜಿದ್ದೆ. ಈ ಸಲ ನಿಜವಾಗಿಯೂ ಅಂಜಿಕೆಯೇ. ಎಡಗಾಲು ಇಟ್ಟೆ, ಭಾರ ಹಾಕಿದೆ, ಜಾರುವುದನ್ನು ಕಾದೆ. ಪಾದ ಬಿಗಿದಿತ್ತು, ನೋಯುತ್ತಿತ್ತು, ಕಟ್ಟಿಗೆಯ ಹಾಗಿತ್ತು. ಜಾರಲಿಲ್ಲ. ಇನ್ನೂ ಭಾರ ಹಾಕಿದೆ. ಅಲ್ಲಿಯೇ ನಿಂತಿತ್ತು. ಆಮೇಲೆ ಗೋಡೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವುದು, ಗೋಡೆ ಬಿಟ್ಟು ನಿಲ್ಲುವುದು, ಕಣ್ಣು ಮುಚ್ಚಿ ನಿಲ್ಲುವುದು. ಕಣ್ಣು ಮುಚ್ಚಿದರೆ ಬಹಳ ದಿನ ಬೀಳುತ್ತಿದ್ದೆ. ಪಾದ ಕೇಳದೆಯೇ ಮಾಡುತ್ತಿದ್ದ ಕೆಲಸವನ್ನೆಲ್ಲ ಅದಕ್ಕೆ ಮತ್ತೆ ಒಂದೊಂದಾಗಿ ಕಲಿಸಬೇಕಾಯಿತು.

ಈಗ ಡ್ಯೂಟಿಗೆ ಮರಳಿದ್ದೇನೆ. ಸುಳ್ಳು ಭರವಸೆ ಬೇಡ. ಕಾಲು ಮೊದಲಿನ ಹಾಗೆ ಆಗಿಲ್ಲ. ಚಳಿಯ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಮೆಟ್ಟಿಲಿಗೆ ಹೋಗಲಾಗದು, ಸ್ವಲ್ಪ ಹೊತ್ತು ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ಬಸ್ಸಿನಲ್ಲಿ ಈಗ ಒಂದು ಕೈ ಯಾವಾಗಲೂ ಕಂಬಿಯ ಮೇಲೆ. ಕುಕ್ಕುರುಗಾಲಲ್ಲಿ ಕುಳಿತು ಏಳುವುದು ಕಷ್ಟ. ಆದರೆ ಕೀಲು ನಿಲ್ಲುತ್ತದೆ. ನಿಮ್ಮ ಕಾಲು ಕೂಡಿದೆ ಎಂದು ಫೋಟೋ ಹೇಳಿ, ಇಲ್ಲ ಎಂದು ನಿಮ್ಮ ಪಾದ ಹೇಳಿದರೆ, ಪಾದದ ಮಾತನ್ನು ಇನ್ನೊಬ್ಬರ ಮುಂದೆ ಇಡಿ. ಇಡಲು ನಾಚಬೇಡಿ.

ಇನ್ನು, ಡ್ಯೂಟಿಗೆ ಮರಳುವ ಮೊದಲು, ನಾನಾಗಿಯೇ ಮೊದಲ ಸಲ ಕೆಳಗಿಳಿದ ಮಧ್ಯಾಹ್ನದ ಮಾತು. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ಪ್ರಕಾಶರು ಮೋಟಾರು ಕೂಡಿಸಲು ಯಾರದೋ ಬಾವಿಗೆ ಹೋಗಿದ್ದರು. ಮಳೆ ನಿಂತು ಬಿಸಿಲು ಬಿದ್ದಿತ್ತು. ಮೆಟ್ಟಿಲ ತುದಿಗೆ ಬಂದು ನಿಂತೆ. ಯಾರೂ ನೋಡುತ್ತಿರಲಿಲ್ಲ. ಕಂಬಿ ಹಿಡಿದು, ಎಡಗಾಲು ಮೊದಲು ಇಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದೆ. ಮತ್ತೆ ಎಡಗಾಲು. ನಡುವೆ ಒಂದು ಸಲ ನಿಂತು ಕಣ್ಣು ಮುಚ್ಚಿಕೊಳ್ಳಬೇಕಾಯಿತು. ಹಿಂದಕ್ಕೆ ಹೋಗುವುದೂ ಮುಂದಕ್ಕೆ ಹೋಗುವುದೂ ಅಷ್ಟೇ ದೂರ ಇತ್ತು. ಮುಂದಕ್ಕೆ ಹೋದೆ. ಕೊನೆಗೆ ಪಾದದ ಕೆಳಗೆ ಕಬ್ಬಿಣ ಹೋಗಿ ಮಣ್ಣು ಬಂತು. ಒದ್ದೆ ಮಣ್ಣು, ತಂಪಾಗಿತ್ತು. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತೆ.

ಅತ್ತೆ ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ಓಣಿಯ ತಿರುವಿನಲ್ಲಿ ಕಂಡರು. ನನ್ನನ್ನು ನೋಡಿ ಅಲ್ಲಿಯೇ ನಿಂತುಬಿಟ್ಟರು. ಆಮೇಲೆ ದಡದಡ ಬಂದರು.

“ಯಾರ ಇಳಿಸಿದ್ರು ನಿನ್ನ?”

“ಯಾರೂ ಇಲ್ರಿ ಅತ್ತಿ. ನಾನ ಇಳದ್ನಿ.”

ಅವರು ಮೆಟ್ಟಿಲು ನೋಡಿದರು, ನನ್ನ ಪಾದ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಡಬ್ಬಿ ಇಳಿಸಿ, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು, ಉಸ್ಸೆಂದು ನನ್ನ ಪಕ್ಕ ಕೂತರು. ಓಣಿಯಲ್ಲಿ ಒಂದು ಕೋಳಿ ತನ್ನ ಮರಿಗಳನ್ನು ಕರೆದುಕೊಂಡು ನೀರಿನ ಗುಂಡಿಯ ಸುತ್ತ ತಿರುಗುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು.

“ಚಾ ಕುಡಿಯೂ ಹೊತ್ತಾತು. ಮ್ಯಾಲ ಹೋಗೂಣೇನು?” ಎಂದರು ಅತ್ತೆ.

“ಇನ್ನೊಂದಿಷ್ಟ ಹೊತ್ತ ಇಲ್ಲೇ ಕುಂಡ್ರೂಣ್ರಿ.”

“ಕುಂಡ್ರು,” ಎಂದು ಅವರು ಕಾಲು ಚಾಚಿ ತಮ್ಮ ಮೊಣಕಾಲು ತಿಕ್ಕಿಕೊಳ್ಳತೊಡಗಿದರು. “ಇವತ್ತ ನನಗೂ ಮೆಟ್ಟಿಲಾ ಹತ್ತೂ ಮನಸಿಲ್ಲ.”